ಎಕ್ಕಕ್ಕೆ ಅವಸರ ಬೇಡ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಬ್ರಿಜ್ ಆಟದಲ್ಲಿ ಕೈಯಲ್ಲಿ ಎಕ್ಕ ಇದ್ದೂ ಎದುರಾಳಿಗಳು ಮೂರು ನೋ ಟ್ರಂಪ್ (ತುರುಪಿಲ್ಲದೆ ಒಂಬತ್ತು ಟ್ರಿಕ್, ಅಂದರೆ ಒಂಬತ್ತು ಸುತ್ತು ಗೆಲ್ಲುವ ಪಣ) ಮಾಡಿಕೊಂಡು ಎದ್ದರು ಅಂತ ಫೋನಿನಲ್ಲಿ ಗೋಳಾಡಿದೆಯಲ್ಲ, ಆವತ್ತು ಸಮಾಧಾನ ಹೇಳಿ ಸುಮ್ಮನಾದೆ. ಎಲೆಗಳ ವಿಷಯ ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಅದಕ್ಕೇ ಈ ಕಾಗದ.

ತಪ್ಪು ನಿನ್ನದಲ್ಲ, ಇಪ್ಪತ್ತೆಂಟು ಅನ್ನುವ ಎಲೆಯಾಟದ್ದು. ಅಜ್ಜಿಯ ಮನೆಯ ಜಗಲಿಯಲ್ಲಿ ಕೂತು ಕಲಿತವರು ನಾವೆಲ್ಲ. ಅಲ್ಲಿ ಗುಲಾಮನೇ ದೊಡ್ಡವನು, ಅವನ ಹಿಂದೆ ಒಂಬತ್ತು, ಎಕ್ಕಕ್ಕೆ ಇರುವುದು ಒಂದೇ ಪಾಯಿಂಟು. ಸಿಕ್ಕಾಗ ಹಾಕದಿದ್ದರೆ ಯಾರಾದರೂ ತುರುಪು ಹೊಡೆಯುತ್ತಾರೆ ಅನ್ನುವ ಭಯ ಬೆರಳಿಗೇ ಅಂಟಿರುತ್ತದೆ. ನೋ ಟ್ರಂಪಿನಲ್ಲಿ ತುರುಪೇ ಇಲ್ಲವಲ್ಲ, ನಿನ್ನ ಎಕ್ಕ ಎಲ್ಲಿಗೆ ಓಡಿಹೋಗುತ್ತದೆ?

ನಿನ್ನ ಆಟವನ್ನೇ ಮತ್ತೆ ಹರಡಿ ನೋಡಿದೆ. ಡಮ್ಮಿ (ಡಿಕ್ಲೇರರ್, ಅಂದರೆ ಪಣ ಆಡುವವನು, ತನ್ನ ಜೊತೆಗಾರನ ಕೈಯನ್ನು ಮೇಜಿನ ಮೇಲೆ ಹರಡಿಸಿ ತಾನೇ ಆಡುತ್ತಾನಲ್ಲ, ಆ ಕೈ) ನಿನ್ನ ಬಲಗಡೆ. ಅದರಲ್ಲಿ ಡೈಮಂಡ್ ರಾಜ, ರಾಣಿ, ಗುಲಾಮ, 10, 5. ಬೇರೆ ಬಣ್ಣಗಳಲ್ಲಿ ಡಮ್ಮಿಯ ಕೈಗೆ ಆಟ ಬರುವಂಥ ಒಂದು ಎಲೆಯೂ ಇಲ್ಲ. ನಿನ್ನ ಹತ್ತಿರ ಎಕ್ಕ, 7, 3. ಡಿಕ್ಲೇರರ್ ತನ್ನ ಕೈಯಿಂದ 4 ಆಡಿದ, ಪಾರ್ಟ್ನರ್ 2 ಹಾಕಿದಳು, ಡಮ್ಮಿಯಿಂದ ರಾಜ ಬಂತು. ನೀನು ತಟ್ಟನೆ ಎಕ್ಕ ಬಡಿದೆ. ಅವನಲ್ಲಿ ಇನ್ನೊಂದು ಡೈಮಂಡ್ ಉಳಿದಿತ್ತು. ಅದನ್ನೇ ಮೆಟ್ಟಿಲು ಮಾಡಿಕೊಂಡು ಡಮ್ಮಿಗೆ ಹತ್ತಿ ನಾಲ್ಕು ಟ್ರಿಕ್ ಎಣಿಸಿಕೊಂಡ.

ಪಾರ್ಟ್ನರ್ ಹಾಕಿದ ಆ 2 ಅನ್ನು ನೋಡಬೇಕಿತ್ತು ಮಗಾ. ಮೊದಲು ಚಿಕ್ಕ ಎಲೆ ಹಾಕಿದರೆ ಆ ಬಣ್ಣದ ಎಲೆಗಳ ಸಂಖ್ಯೆ ಬೆಸ, ದೊಡ್ಡದು ಹಾಕಿ ಆಮೇಲೆ ಚಿಕ್ಕದು ಹಾಕಿದರೆ ಸಮ ಅಂತ ನೀವಿಬ್ಬರೂ ಒಪ್ಪಿಕೊಂಡಿದ್ದೀರಿ ತಾನೆ? 2 ಅಂದರೆ ಅವಳ ಹತ್ತಿರ ಮೂರು. ಡಮ್ಮಿಯ ಐದು, ನಿನ್ನ ಮೂರು, ಅವಳ ಮೂರು, ಒಟ್ಟು ಹನ್ನೊಂದು. ಡಿಕ್ಲೇರರಿಗೆ ಉಳಿದದ್ದು ಎರಡೇ. ಮೊದಲ ಸುತ್ತು ಬಿಟ್ಟು ಎರಡನೆಯದಕ್ಕೆ ಎಕ್ಕ ಹಾಕಿದ್ದರೆ ಡಮ್ಮಿಯ ಉಳಿದ ಡೈಮಂಡುಗಳು ಮೇಜಿನ ಮೇಲೇ ಒಣಗುತ್ತಿದ್ದವು. ಅವಳು 8 ಹಾಕಿದ್ದರೆ ಅವಳಲ್ಲಿ ಎರಡು, ಅವನಲ್ಲಿ ಮೂರು. ಆಗ ಮೂರನೆಯ ಸುತ್ತಿನ ತನಕ ಹಲ್ಲು ಕಚ್ಚಿ ಕೂರಬೇಕು. ಡಮ್ಮಿಯಲ್ಲಿ ಇಸ್ಪೀಟ್ ಎಕ್ಕವೋ ಮತ್ತೊಂದೋ ಇದ್ದರೆ ಮಾತ್ರ ಈ ತಪಸ್ಸಿನಿಂದ ಹೆಚ್ಚು ಫಲವಿಲ್ಲ, ಅವನು ಆ ದಾರಿಯಲ್ಲಿ ಹೋಗುತ್ತಾನೆ.

ಇದಕ್ಕಿಂತ ಕಷ್ಟದ್ದು ಡಮ್ಮಿ ಎಡಗಡೆ ಇದ್ದಾಗ. ಅಲ್ಲಿ ರಾಜ, ಗುಲಾಮ, ನಿನ್ನಲ್ಲಿ ಎಕ್ಕ. ಡಿಕ್ಲೇರರ್ ಸಣ್ಣ ಎಲೆ ಆಡುತ್ತಾನೆ. ನೀನು ಉಸಿರು ಬಿಗಿಹಿಡಿದು ಯೋಚಿಸಿದರೆ ಅವನು ರಾಜನನ್ನು ಹಾಕಿ ನಗುತ್ತಾನೆ. ಸರಾಗವಾಗಿ ಚಿಕ್ಕದು ಹಾಕಿದರೆ ಅವನು ಊಹೆ ಮಾಡಲೇಬೇಕು. ಗುಲಾಮ ಹಾಕಿದರೆ ಪಾರ್ಟ್ನರಿನ ರಾಣಿಗೆ ಬಲಿ. ಒಮ್ಮೆ ಕ್ಲಬ್ಬಿನಲ್ಲಿ ನಾನು ಹೀಗೇ ಯೋಚಿಸುತ್ತಾ ಕನ್ನಡಕ ಒರೆಸಿಕೊಂಡೆ. ಅಷ್ಟೇ ಸಾಕಾಯಿತು. ಪಾರ್ಟ್ನರ್ ಏನೂ ಅನ್ನಲಿಲ್ಲ, ಆ ದಿನ ಕಾಫಿಗೂ ಕರೆಯಲಿಲ್ಲ.

ಯೋಚನೆ ಮಾಡುವ ಹೊತ್ತು ಡಮ್ಮಿ ಹರಡಿದಾಗಲೇ. ಎಲೆ ಬಂದಮೇಲೆ ಅಲ್ಲ. ಹಾಗಂತ ಏನೂ ಇಲ್ಲದಾಗ ಎದುರಾಳಿಗೆ ಮೋಸ ಮಾಡಲೆಂದು ತಡವರಿಸುವ ನಾಟಕ ಆಡಬೇಡ, ಬ್ರಿಜ್‌ನ 73ನೇ ನಿಯಮ ಅದನ್ನು ಒಪ್ಪುವುದಿಲ್ಲ, ನಾನಂತೂ ಒಪ್ಪುವುದೇ ಇಲ್ಲ. ತುರುಪಿನ ಆಟದಲ್ಲಿ ಅವರನ್ನು ಬೀಳಿಸುವ ಕೊನೆಯ ಟ್ರಿಕ್ ಆ ಎಕ್ಕವೇ ಆಗಿದ್ದರೆ ಜಾಣತನ ಬಿಟ್ಟು ತಕ್ಷಣ ಹೊಡೆ. ಅವನ ಹತ್ತಿರ ಆ ಬಣ್ಣದ್ದು ಒಂದೇ ಎಲೆ ಇದ್ದರೆ ಮುಂದಿನ ಸಲ ತುರುಪು ಬೀಳುತ್ತದೆ.

ಅಮ್ಮ ಇನ್ನೂ "ಇಸ್ಪೀಟಾಟ" ಅಂತ ಗೊಣಗುತ್ತಾಳಂತೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಇದೇ ಆಟಕ್ಕೆ ಚಿನ್ನ ತಂದರು, ಬರ್ಧನ್ ಅವರಿಗೆ ಆಗ 60 ವರ್ಷ ಅಂತ ಹೇಳು. ನನ್ನ ಹೆಸರು ಹೇಳಬೇಡ.

ಒಂದು ಲೆಕ್ಕ ಬಿಡಿಸಿ ಕಳಿಸು. ಡಮ್ಮಿ ಅದೇ. ನಿನ್ನ ಹತ್ತಿರ ಈಗ ಡೈಮಂಡ್ ನಾಲ್ಕು: ಎಕ್ಕ, 9, 7, 3. ಅವನು ಆಡಿದ್ದು 4, ಪಾರ್ಟ್ನರ್ ಹಾಕಿದ್ದು 2. ಎಕ್ಕ ಯಾವಾಗ? ಎರಡನೇ ಸುತ್ತು ಅಂತ ಕಣ್ಣು ಮುಚ್ಚಿಕೊಂಡು ಬರೆಯಬೇಡ.

ಇತಿ ಆಶೀರ್ವಾದಗಳು,
ಮಾವ