ಪತ್ರಿಕಿ ಮುಚ್ಚಿದ್ರ ಹಳೇ ಬರಹನೂ ಅಳಸಬೇಕೇನ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪೇಪರ್‌ನ್ಯಾಗ ಸಿನಿಮಾ, ಕ್ರಿಕೆಟ್ ಎಲ್ಲಾ ಬರ್ತದ, ವಿಡಿಯೋ ಗೇಮ್ ಸುದ್ದಿ ಮಾತ್ರ ಬರಂಗಿಲ್ಲ, ಅದಕ್ಕ ಈ ಪತ್ರ. ಅಮೆರಿಕದಾಗ 1991ರಾಗ ಶುರುವಾಗಿದ್ದ ಗೇಮ್ ಇನ್ಫಾರ್ಮರ್ ಪತ್ರಿಕಿನ ಅದರ ಮಾಲಕ ಗೇಮ್‌ಸ್ಟಾಪ್ ಕಂಪನಿ 2024ರ ಆಗಸ್ಟ್‌ನ್ಯಾಗ ದಿಢೀರಂತ ಬಂದ್ ಮಾಡ್ತು, ಬಂದ್ ಮಾಡಿದ್ದಷ್ಟೇ ಅಲ್ಲ, ವೆಬ್‌ಸೈಟ್‌ನ್ಯಾಗಿನ ಹಳೇ ಬರಹನೂ ತಗದು ಹಾಕ್ತು, ಯಾವ ಲಿಂಕ್ ಒತ್ತಿದ್ರೂ ಅದೇ ಒಂದು ವಿದಾಯದ ಪತ್ರ ತೆರೀತಿತ್ತು. ವರ್ಷಗಟ್ಟಲೆ ಬರ್ದೋರ ದುಡಿಮಿ ಒಂದೇ ದಿನಕ್ಕ ಮಾಯ ಆಯ್ತಲ್ರಿ, ನನಗ ಭಾಳ ಹೊಟ್ಟಿ ಉರೀತು. 2025ರ ಮಾರ್ಚ್‌ನ್ಯಾಗ ಗನ್‌ಜಿಲ್ಲಾ ಅನ್ನೋ ಗೇಮ್ ಕಂಪನಿ ಅದನ್ನ ತಗೊಂಡು ಹಳೇ ಟೀಮ್ ಜೊತಿನೇ ಮತ್ತ ಶುರು ಮಾಡ್ತು, ಖುಷಿ ಆಯ್ತು ಖರೆ, ಆದ್ರ ಗೇಮ್ ಮಾಡೋರೇ ಮಾಲಕರಾದ್ರ ಅವರ ಗೇಮ್ ಚೊಲೋ ಇಲ್ಲಂತ ಬರಿಯೋಕೆ ಧೈರ್ಯ ಎಲ್ಲಿಂದ ಬರಬೇಕು?

ಗೇಮ್ ಮಾಡೋ ಸ್ಟುಡಿಯೋಗಳ ಕಥಿನೂ ಇದೇ. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನ್ಯಾಗ ಸುಮಾರು 69 ಬಿಲಿಯನ್ ಡಾಲರಿಗೆ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನೋ ಗೇಮ್ ಕಂಪನಿ ತಗೊಂತು, ಜನವರಿಗೇ ಗೇಮ್ ವಿಭಾಗದಾಗ 1900 ಮಂದಿ ಕೆಲಸ ಹೋಯ್ತು. ಮೇ ತಿಂಗಳಾಗ ಮೈಕ್ರೋಸಾಫ್ಟ್‌ನೋರು ಜಪಾನಿನಾಗಿದ್ದ ತಮ್ಮ ಟ್ಯಾಂಗೋ ಗೇಮ್‌ವರ್ಕ್ಸ್ ಸ್ಟುಡಿಯೋ ಮುಚ್ಚತೀವಂದ್ರು, ಹಿಂದಿನ ವರ್ಷ ಆ ಸ್ಟುಡಿಯೋದೋರು ಮಾಡಿದ ಗೇಮ್ ಎಷ್ಟ್ ಮಂದಿ ಹೊಗಳಿದ್ರು! ಕಡೀಗೆ ಉಳಿಸ್ಕೊಂಡಿದ್ದು ಕ್ರಾಫ್ಟನ್, ನಮ್ಮ ಹುಡುಗರು ಸೂಪರ್ ಮಾರ್ಕೆಟ್‌ನ್ಯಾಗ, ಬಸ್ ಸ್ಟ್ಯಾಂಡ್‌ನ್ಯಾಗ ಫೋನ್ ಅಡ್ಡ ಹಿಡ್ಕೊಂಡು ಆಡೋ ಬಿಜಿಎಂಐ ಗೇಮಿನ ಕಂಪನಿನೇ.

ಇಲ್ಲಿ ಕಾಲೇಜ್ ಹುಡುಗರು ಗೇಮ್ ಡಿಸೈನ್ ಕಲಿತು ಬೆಂಗಳೂರಿಗೆ ಹೋಗಬೇಕಂತ ಕೋರ್ಸಿಗೆ ರೊಕ್ಕ ತುಂಬತಾರ, ಅವರಿಗೆ ಇದೆಲ್ಲಾ ಕನ್ನಡದಾಗ ಹೇಳೋರು ಬೇಕ್ರಿ. ವಾರಕ್ಕ ಅರ್ಧ ಪುಟ ಕೊಡ್ರಿ, ಬರಿಯೋ ಹುಡುಗರು ಇಲ್ಲೇ ಸಿಗ್ತಾರ.

– ಒಬ್ಬ ಓದುಗ, ಕಲಬುರಗಿ