ಕ್ಷಿಪಣಿಯ ವ್ಯಾಪ್ತಿ ಮೈಲಿಗಲ್ಲಲ್ಲ

ಮಾನ್ಯ ಸಂಪಾದಕರಿಗೆ,

ಯುದ್ಧವಿಮಾನಗಳ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಎರಡು ದೇಶಗಳ ಕ್ಷಿಪಣಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಇದು ಇಷ್ಟು ಕಿಲೋಮೀಟರ್ ಹೋಗುತ್ತದೆ, ಅದು ಅಷ್ಟು ಕಿಲೋಮೀಟರ್ ಹೋಗುತ್ತದೆ ಎಂದು ಕೋಷ್ಟಕ ಮಾಡಿ ಅಚ್ಚು ಹಾಕುತ್ತವೆ. 2025ರ ಮೇ ತಿಂಗಳ ಸಂಘರ್ಷದ ನಂತರವಂತೂ ವಿಮಾನದಿಂದ ವಿಮಾನಕ್ಕೆ ಹೊಡೆಯುವ ಪಿಎಲ್-15 (ಚೀನಾ), ಮೀಟಿಯೋರ್ (ಯುರೋಪ್), ಅಸ್ತ್ರ (ಭಾರತ) ಕ್ಷಿಪಣಿಗಳ ಇಂಥ ಪಟ್ಟಿಗಳನ್ನು ಓದಿ ಓದಿ ಸಾಕಾಗಿದೆ. ವಿಜಯಪುರದಿಂದ ಸೋಲಾಪುರಕ್ಕೆ ಇಷ್ಟು ದೂರವೆಂದು ಕಲ್ಲು ನೆಟ್ಟ ಹಾಗೆ ಕ್ಷಿಪಣಿಗೂ ಒಂದು ದೂರವನ್ನು ನೆಟ್ಟುಬಿಡುವ ಈ ರೂಢಿಯ ಬಗ್ಗೆ ನನ್ನ ಆಕ್ಷೇಪವಿದೆ.

ಬೆಳಗಾವಿಯ ಸಾಂಬ್ರಾದಲ್ಲಿ ಮೊದಲ ತರಬೇತಿ ಪಡೆದು, ವಾಯುಪಡೆಯಲ್ಲಿ ವಿಮಾನಗಳಿಗೆ ಆಯುಧ ಜೋಡಿಸುವ ವೆಪನ್ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು ನಾನು. ಆದರೂ ಈ ಸಂಗತಿಯನ್ನು ನನ್ನ ಮನೆಯವರಿಗೆಲ್ಲ ಅರ್ಥವಾಗುವಂತೆ ತೋರಿಸಿಕೊಟ್ಟಿದ್ದು, ಆಟವೆಂದು ನಾನೇ ಹೀಗಳೆಯುತ್ತಿದ್ದ, ನನ್ನ ಮೊಮ್ಮಗನ ಡಿಸಿಎಸ್ ಎಂಬ, ಯುದ್ಧವಿಮಾನದ ಹಾರಾಟವನ್ನು ಅನುಕರಿಸುವ ಕಂಪ್ಯೂಟರ್ ಸಿಮ್ಯುಲೇಟರ್. ರಜೆಗೆ ಬಂದಿದ್ದ ಅವನು ಒಂದು ಸಂಜೆ, ನೆಲಕ್ಕೆ ಅಂಟಿದಂತೆ ಓಡುತ್ತಿದ್ದ ವಿಮಾನದ ಬೆನ್ನಿಗೆ ಸುಮಾರು 15 ಕಿ.ಮೀ. ದೂರದಿಂದ ಅಮೆರಿಕದ ಆಮ್ರಾಮ್ ಕ್ಷಿಪಣಿಯನ್ನು ಬಿಟ್ಟ. ಅದರ ಹಲವು ಪಟ್ಟು ದೂರ ಹೋಗುತ್ತದೆಂದು ಎಲ್ಲ ಕೋಷ್ಟಕಗಳಲ್ಲೂ ಅಚ್ಚಾಗಿರುವ ಆ ಕ್ಷಿಪಣಿ ಗುರಿಯ ಹಿಂದೆಯೇ ಹೋಗಿ, ವೇಗ ಕುಂದಿ, ಮೂಗು ತಗ್ಗಿಸಿ ಹೊಲದಲ್ಲಿ ಬಿತ್ತು. ಇದೇನೆಂದು ಕೇಳಿದರೆ ಅವನು ಕೀಲಿಮಣೆಯಿಂದ ಕೈ ತೆಗೆಯದೆ, "ಬೆನ್ನ ಹತ್ತಿ ಹೊಡದ್ರ ಇಷ್ಟಕ್ಕ ದಮ್ಮು ಹತ್ತತೈತಿ ಅದಕ್ಕ, ಅಜ್ಜಾ" ಎಂದ.

ಅವನು ಹೇಳಿದ್ದು ಅಕ್ಷರಶಃ ನಿಜ. ಇಂಥ ಕ್ಷಿಪಣಿಗಳ ರಾಕೆಟ್ ಉರಿಯುವುದು ಕೆಲವೇ ಸೆಕೆಂಡುಗಳು. ಮುಂದಿನ ದಾರಿಯನ್ನೆಲ್ಲ ಅದು ಕವಣೆಯಿಂದ ಬೀಸಿದ ಕಲ್ಲಿನಂತೆ ಗಳಿಸಿದ ವೇಗದ ಬಲದಿಂದಲೇ ಕ್ರಮಿಸಬೇಕು. 10 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟೇ ಇರುವುದರಿಂದ ಅಲ್ಲಿ ಆ ವೇಗ ಬೇಗ ಸವೆಯುವುದಿಲ್ಲ. ಕೆಳಗಿನ ದಟ್ಟ ಗಾಳಿಯಲ್ಲಿ ನೋಡನೋಡುತ್ತಲೇ ಸವೆದುಹೋಗುತ್ತದೆ. ಗುರಿ ಎದುರಿಗೆ ಬರುತ್ತಿದ್ದರೆ ಒಂದಿಷ್ಟು ದಾರಿಯನ್ನು ಗುರಿಯೇ ಕ್ರಮಿಸಿಕೊಡುತ್ತದೆ, ತಿರುಗಿ ಓಡುತ್ತಿದ್ದರೆ ಕ್ಷಿಪಣಿ ಅದನ್ನು ಅಟ್ಟಿಸಿಕೊಂಡು ಹೋಗಬೇಕು, ನಡುವೆ ಗುರಿ ತಿರುವು ತೆಗೆದುಕೊಂಡರೆ ಕ್ಷಿಪಣಿಯೂ ಹೊರಳಬೇಕು, ಪ್ರತಿ ಹೊರಳಿಗೂ ವೇಗದ ದಂಡ ತೆರಬೇಕು. ಹೀಗಾಗಿ ಎತ್ತರದಲ್ಲಿ, ವೇಗವಾಗಿ ಹಾರುವ ವಿಮಾನದಿಂದ ಎದುರು ಬರುವ ಗುರಿಗೆ ಬಿಟ್ಟಾಗ 100 ಕಿ.ಮೀ. ಮುಟ್ಟುವ ಕ್ಷಿಪಣಿ, ಕೆಳಮಟ್ಟದಲ್ಲಿ ಬೆನ್ನಟ್ಟಿದಾಗ ಅದರ ಕಾಲುಭಾಗವನ್ನೂ ಮುಟ್ಟದಿದ್ದರೆ ಅದು ಕ್ಷಿಪಣಿಯ ದೋಷವಲ್ಲ. ಮೀಟಿಯೋರ್‌ನ ಮಾತು ಬೇರೆ. ಗಾಳಿ ಹೀರಿ ಉರಿಯುವ ಅದರ ಎಂಜಿನ್ನಿನ ಬಲವನ್ನು ದಾರಿಯುದ್ದಕ್ಕೂ ಏರಿಸಿ ಇಳಿಸಲು ಬರುವುದರಿಂದ ಕೊನೆಯ ಹಂತದಲ್ಲೂ ಅದಕ್ಕೆ ತ್ರಾಣವಿರುತ್ತದೆ. ನಮ್ಮ ಕೋಷ್ಟಕಗಳು ಅದನ್ನೂ ಉಳಿದವುಗಳ ಸಾಲಿನಲ್ಲೇ ಕೂರಿಸಿ ಒಂದು ಅಂಕಿ ಬರೆದು ಮುಂದೆ ಹೋಗುತ್ತವೆ.

ಹಾಗೆಂದು ಸಿಮ್ಯುಲೇಟರ್ ಹೇಳಿದ್ದೆಲ್ಲ ವೇದವಾಕ್ಯವೆಂದು ನಾನು ಹೇಳುವುದಿಲ್ಲ. ನಿಜವಾದ ಕ್ಷಿಪಣಿಯ ಒಳಗಿನ ಲೆಕ್ಕಾಚಾರ ರಹಸ್ಯವಾದ್ದರಿಂದ ಸಿಮ್ಯುಲೇಟರ್ ರೂಪಿಸುವವರು ಬಹಿರಂಗ ಮಾಹಿತಿ, ಗಣಿತ ಮತ್ತು ಊಹೆಯನ್ನು ಕೂಡಿಸಿ ಕೆಲಸ ಮಾಡಬೇಕಾಗುತ್ತದೆ. ಒಂದು ಅಪ್‌ಡೇಟ್ ಬಂದರೆ ಅದೇ ಕ್ಷಿಪಣಿಯ ನಡೆ ಬದಲಾಗುತ್ತದೆ. ಆಟದ ಆಯುಧ ಅಸಲಿನಂತಿದೆಯೋ ಇಲ್ಲವೋ ಎಂಬ ಆಟಗಾರರ ವಾದ ಎಲ್ಲಿಯವರೆಗೆ ಹೋಗಿದೆಯೆಂದರೆ, ವಾರ್ ಥಂಡರ್ ಎಂಬ ಆಟದಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕನ್ನು ಸರಿಯಾಗಿ ತೋರಿಸಿಲ್ಲವೆಂದು ಸಿಟ್ಟಾದ ಆಟಗಾರನೊಬ್ಬ 2021ರಲ್ಲಿ ಅದರ ಸೇನಾ ಕೈಪಿಡಿಯ ಪುಟಗಳನ್ನೇ ಹೊರಗೆ ಹಾಕಿದ. ವಾದ ಗೆಲ್ಲಲು ಗುಟ್ಟು ಬಿಟ್ಟುಕೊಟ್ಟ ಪುಣ್ಯಾತ್ಮ!

ನನ್ನ ಕಸುಬಿನ ಕಣ್ಣಿಗೆ ಕಾಣುವ ದೊಡ್ಡ ಕೊರತೆ ಮಾತ್ರ ಇನ್ನೊಂದು. ಪರದೆಯ ಮೇಲಿನ ಆಯುಧ ಕೆಡುವುದು ಬಹಳ ಅಪರೂಪ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಹಾರಿಸಿದ ಸ್ಪ್ಯಾರೋ ಕ್ಷಿಪಣಿಗಳಲ್ಲಿ ಗುರಿ ಕೆಡವಿದ್ದು ಹತ್ತಕ್ಕೆ ಒಂದರ ಆಸುಪಾಸು. ಕೆಲವು ರಾಕೆಟ್ ಹೊತ್ತಿಕೊಳ್ಳದೆ ಕಲ್ಲಿನಂತೆ ಕೆಳಗೆ ಬಿದ್ದವು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಪೈಲಟ್‌ಗಳು ಪ್ರಾಣದ ಹಂಗು ತೊರೆದು ಅಲೆಗಳ ಮೇಲೆಯೇ ಹಾರಿ ಬಂದು ಹಾಕಿದ ಹಲವು ಬಾಂಬುಗಳು ಬ್ರಿಟಿಷ್ ಹಡಗುಗಳಿಗೆ ಬಡಿದೂ ಸಿಡಿಯಲಿಲ್ಲ. ಬಾಂಬನ್ನು ಸಿಡಿಸುವ ಸಾಧನವಾದ ಫ್ಯೂಜಿನ ಮೂತಿಗೆ ಮಕ್ಕಳ ಗಿರಗಟ್ಟಲೆಯಂಥ ಒಂದು ಪುಟ್ಟ ರೆಕ್ಕೆ ಇರುವುದುಂಟು. ವಿಮಾನದಲ್ಲಿರುವಷ್ಟು ಹೊತ್ತು ಒಂದು ತಂತಿ ಅದನ್ನು ಹಿಡಿದಿರುತ್ತದೆ, ಬಾಂಬ್ ಕಳಚಿದಾಗ ತಂತಿ ಹಿಂದುಳಿದು ರೆಕ್ಕೆ ಗಾಳಿಗೆ ತಿರುಗತೊಡಗುತ್ತದೆ, ಗೊತ್ತುಪಡಿಸಿದಷ್ಟು ಸುತ್ತು ಮುಗಿದ ಮೇಲೆಯೇ ಫ್ಯೂಜ್ ಸಿಡಿಯಲು ಸಿದ್ಧವಾಗುತ್ತದೆ. ಆ ತಂತಿಯನ್ನು ಕೈಯಾರೆ ಪೋಣಿಸಿದವರಿಗೆ ಗೊತ್ತು, ಅದೊಂದು ತಪ್ಪಿದರೆ ಉಳಿದದ್ದೆಲ್ಲ ಬರಿಯ ಕಬ್ಬಿಣ. ಫ್ಯೂಜಿನ ವಿಧಾನ ಬೇರೆಯಾದರೂ ಸಿದ್ಧವಾಗಲು ಇಂತಿಷ್ಟು ಹೊತ್ತು ಬೇಕೇ ಬೇಕು. ಅಷ್ಟು ಕೆಳಗಿನಿಂದ ಬಿದ್ದ ಬಾಂಬುಗಳಿಗೆ ಆ ಹೊತ್ತೇ ಸಿಗಲಿಲ್ಲ. ಮೊಮ್ಮಗನ ಪರದೆಯಲ್ಲಿಯೋ, ನಾಲ್ಕು ಬಾಂಬುಗಳು ಒಂದು ಕ್ಲಿಕ್ಕಿಗೆ ವಿಮಾನದ ರೆಕ್ಕೆಯ ಕೆಳಗೆ ಬಂದು ಕೂರುತ್ತವೆ. ಕೆಂಪು ಪಟ್ಟಿ ಕಟ್ಟಿದ ಸುರಕ್ಷತಾ ಪಿನ್ನುಗಳನ್ನು ಎಣಿಸಿ ತೆಗೆಯುವವರು ಅಲ್ಲಿಲ್ಲ.

ನಮ್ಮೂರಿನಲ್ಲಿ ಈ 'ಎಷ್ಟು ದೂರ' ಎಂಬ ಪ್ರಶ್ನೆ ಹಳೆಯದು. ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಬರುವ ಪ್ರವಾಸಿಗರು ಗುಂಡು ಎಲ್ಲಿಯವರೆಗೆ ಹೋಗುತ್ತಿತ್ತೆಂದು ತಪ್ಪದೆ ಕೇಳುತ್ತಾರೆ. ಮದ್ದು ಎಷ್ಟು, ಗುಂಡಿನ ತೂಕ ಎಷ್ಟು, ಮೂತಿ ಎಷ್ಟು ಎತ್ತಿತ್ತು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಆದುದರಿಂದ ತಮ್ಮಲ್ಲಿ ವಿನಂತಿ ಇಷ್ಟೇ. ಕ್ಷಿಪಣಿಗಳ ಕೋಷ್ಟಕ ಕೊಡುವಾಗ ಆ ಅಂಕಿ ಯಾವ ಎತ್ತರದಲ್ಲಿ, ಎದುರು ಬರುವ ಗುರಿಗೋ ಓಡುವ ಗುರಿಗೋ ಎಂಬುದನ್ನು ಕೆಳಗೊಂದು ಸಾಲಿನಲ್ಲಿ ಬರೆಯಿರಿ. ಗೊತ್ತಾಗದಿದ್ದರೆ 'ಅತ್ಯಂತ ಅನುಕೂಲದ ಸ್ಥಿತಿಯಲ್ಲಿ ಗರಿಷ್ಠ' ಎಂದಾದರೂ ಸೇರಿಸಿರಿ. ಕಳೆದ ಸಂಘರ್ಷದ ದಿನಗಳಲ್ಲಿ ಆರ್ಮಾ 3 ಎಂಬ ಆಟದ ತುಣುಕುಗಳು ನಿಜವಾದ ಕಾಳಗವೆಂದು ಹರಿದಾಡಿದವು. ಅಂಥ ದೃಶ್ಯ ತಮ್ಮ ಕಚೇರಿಗೆ ಬಂದರೆ ಪ್ರಕಟಿಸುವ ಮೊದಲು ಈ ಆಟಗಳನ್ನು ಆಡುವ ಯಾವ ಹುಡುಗನಿಗಾದರೂ ಒಮ್ಮೆ ತೋರಿಸಿರಿ. ನನ್ನ ಮೊಮ್ಮಗ ದಸರೆಯವರೆಗೂ ಊರಲ್ಲೇ ಇರುತ್ತಾನೆ.

ತಮ್ಮ ವಿಶ್ವಾಸಿ,
ನಿವೃತ್ತ ವಾಯುಯೋಧ,
ವಿಜಯಪುರ