ಪ್ಲಾನ್ ಕೊನೆಗೆ, ಜಾಗದ ಅಳತೆ ಮೊದಲು

ಮಾನ್ಯ ಸಂಪಾದಕರೇ,

ಚೌತಿ ಮುಗಿದು ಮಳೆ ಹಿಂದೆ ಸರಿಯುತ್ತಿದ್ದಂತೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಸ್ಥಳೀಯ ಸಂಸ್ಥೆಗಳಲ್ಲಿ ಮನೆ ಕಟ್ಟುವ ಪರವಾನಿಗೆಯ ಅರ್ಜಿಗಳು ಒಮ್ಮೆಲೇ ಬಂದು ಬೀಳುತ್ತವೆ. ಜೂನ್ ಮಳೆ ಹಿಡಿಯುವುದರೊಳಗೆ ಗೋಡೆ ಎದ್ದು ಮಾಡು ಕೂತಿರಬೇಕು ಎಂಬ ಅವಸರ ಎಲ್ಲರಿಗೂ. ಆ ಅವಸರದಲ್ಲಿ ಹೆಚ್ಚಿನವರು ಮೊದಲು ಮಾಡುವುದು ಎಂಜಿನಿಯರ್ ಹತ್ತಿರ ಹೋಗಿ ಪ್ಲಾನ್ ಬರೆಸುವ ಕೆಲಸ. ಅದು ಕೊನೆಗೆ ಆಗಬೇಕಾದದ್ದು. ಮನೆಯ ನಕ್ಷೆ ಸರಿಯಿಲ್ಲವೆಂದು ವಾಪಸಾಗುವ ಅರ್ಜಿ ಕಡಿಮೆ. ಜಾಗದ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ವಾಪಸಾಗುವುದೇ ಹೆಚ್ಚು. ಕಚೇರಿಯವರು ಸತಾಯಿಸುತ್ತಾರೆಂಬ ದೂರಿನಲ್ಲೂ ಹುರುಳಿದೆ. ಆ ಮಾತು ಆಮೇಲೆ.

ಒಂದೇ ಜಾಗದ ಅಳತೆ ನಾಲ್ಕು ಕಾಗದದಲ್ಲಿ ನಾಲ್ಕು ಬಗೆಯಲ್ಲಿರುತ್ತದೆ. ಪಹಣಿ ಮತ್ತು ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶದಲ್ಲಿ ಗುಂಟೆ-ಆಣೆ, ಕ್ರಯಪತ್ರದಲ್ಲಿ ಚದರ ಅಡಿ, ಖಾತೆಯಲ್ಲಿ ಚದರ ಮೀಟರ್, ಪ್ಲಾನ್‌ನಲ್ಲಿ ಎಂಜಿನಿಯರ್ ಟೇಪು ಹಿಡಿದು ಅಳೆದದ್ದು. ಗುಂಟೆಗೆ 1089 ಚದರ ಅಡಿ, ಅಂದರೆ 101.17 ಚದರ ಮೀಟರ್. ಐದು ಗುಂಟೆ ಎಂದರೆ 505.86 ಚದರ ಮೀಟರ್. ಖಾತೆ ಮಾಡಿಸುವಾಗ ಯಾರೋ ಅದನ್ನು ಸುಲಭಕ್ಕೆ 500 ಎಂದು ಬರೆದರೆ 63 ಚದರ ಅಡಿ ಕಾಗದದ ಮೇಲೆ ಮಾಯವಾಯಿತು. ಪ್ಲಾನ್‌ನಲ್ಲಿ 505 ಎಂದಿದ್ದರೆ ಖಾತೆಗಿಂತ ಹೆಚ್ಚು ಜಾಗ ತೋರಿಸಿದ ಆಕ್ಷೇಪಣೆ ಬರುತ್ತದೆ, 500 ಎಂದಿದ್ದರೆ ಹದ್ದುಬಸ್ತಿನ (ಸರ್ವೆಯವರು ಗಡಿ ಗುರುತಿಸಿದ) ಅಳತೆಗೆ ಕೂಡುವುದಿಲ್ಲ. ಆದ್ದರಿಂದ ಎಲ್ಲ ಕಾಗದ ಒಂದು ಕಡೆ ಹರಡಿ, ವಿಸ್ತೀರ್ಣವನ್ನು ಚದರ ಮೀಟರ್‌ಗೆ ತಂದು, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಪಕ್ಕದಲ್ಲಿ ಬರೆದು ಒಂದು ಹಾಳೆ ಮಾಡಿಕೊಳ್ಳಿ. ಎಲ್ಲಿ ವ್ಯತ್ಯಾಸವಿದೆಯೋ ಆ ಕಾಗದ ತಿದ್ದುಪಡಿಯಾಗುವವರೆಗೆ ಪ್ಲಾನ್‌ಗೆ ಕೈ ಹಾಕಬೇಡಿ. ಖಾತೆ ತಿದ್ದುಪಡಿ ಸಾವಕಾಶದ ಕೆಲಸ, ಪ್ಲಾನ್ ಬರೆಯುವುದು ವಾರದ ಕೆಲಸ.

ಪಹಣಿಯ ಖರಾಬ್ ಕಾಲಂ ನೋಡುವವರು ವಿರಳ. 'ಅ' ಖರಾಬ್ ಸಾಗುವಳಿಗೆ ಬಾರದ ಜಾಗ. 'ಬ' ಖರಾಬ್ ಎಂದರೆ ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ. ಅದನ್ನು ಕಳೆದ ಮೇಲೆ ಉಳಿದದ್ದಷ್ಟೇ ನಿಮ್ಮ ನಿವೇಶನ. ನಮ್ಮ ಕಡೆ ಹಳ್ಳವೊಂದು ಹಿತ್ತಲಿನಲ್ಲೇ ಹರಿಯುವ ಜಾಗ ಬಹಳ. ಅಲ್ಲೇ ಪಾಗಾರ ಕಟ್ಟುವ ಪ್ಲಾನ್ ಬರೆದರೆ ಅದು ಪಾಸಾಗುವುದಿಲ್ಲ, ಆಗಲೂಬಾರದು.

ಹೆಸರಿನ ತೊಡಕು ಅಳತೆಗಿಂತ ದೊಡ್ಡದು. ಅಜ್ಜನ ಹೆಸರಿನಲ್ಲೇ ಉಳಿದ ಮಾಲ್ಕಿ ಜಾಗ, ಒಂದೇ ಪಹಣಿಯಲ್ಲಿ ಎಂಟು-ಹತ್ತು ಜಂಟಿ ಹೆಸರು, ಅವರಲ್ಲಿ ಅರ್ಧ ಜನ ಮುಂಬೈ, ಗೋವಾದಲ್ಲಿ. ಕ್ರಮ ಇಷ್ಟು: ಮೊದಲು ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ), ಆಮೇಲೆ ಭೂಮಾಪನ ಇಲಾಖೆಯಿಂದ ಪಾಲುಗಳನ್ನು ಗುರುತಿಸುವ 11ಇ ನಕ್ಷೆ, ಅದರಂತೆ ವಿಭಾಗಪತ್ರ, ನಿಮ್ಮ ಪಾಲಿಗೆ ಪ್ರತ್ಯೇಕ ಹಿಸ್ಸಾ ನಂಬರ್. ಅದಾದ ಮೇಲೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ. ಹಿಸ್ಸಾ ಆಗುವ ಮೊದಲೇ ಇಡೀ ಸರ್ವೆ ನಂಬರಿನಲ್ಲಿ ನನ್ನ ಪಾಲು ಇಂತಿಷ್ಟು ಎಂದು ಅರ್ಜಿ ಹಾಕಿದರೆ ಉಳಿದವರೆಲ್ಲರ ಒಪ್ಪಿಗೆ ಕೇಳುತ್ತಾರೆ, ಒಬ್ಬ ಚಿಕ್ಕಪ್ಪ ಮುನಿಸಿಕೊಂಡರೂ ಕಡತ ನಿಂತಿತು. ಕೊನೆಗೆ ಕೈಯಲ್ಲಿರಬೇಕಾದದ್ದು ಗಣಕೀಕೃತ ಖಾತೆ: ನಗರ ಪ್ರದೇಶದಲ್ಲಿ ಇ-ಆಸ್ತಿಯ ನಮೂನೆ 3, ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಅನುಮೋದನೆ ಇಲ್ಲದ ಜಾಗಕ್ಕೆ ಕೊಡುವ 11ಬಿ ಹಿಡಿದುಕೊಂಡು ಬಂದು ತೆರಿಗೆ ಕಟ್ಟುತ್ತಿದ್ದೇವಲ್ಲ ಎನ್ನುವವರಿಗೆ ಹೇಳಬೇಕಾದ ಮಾತು: ತೆರಿಗೆ ರಶೀದಿಯೊಂದರಿಂದಲೇ ಕಟ್ಟುವ ಹಕ್ಕು ಬರುವುದಿಲ್ಲ.

ಘಟ್ಟದ ಮೇಲಿನವರಿಗೆ ಒಂದು ಮಾತು. ಶಿರಸಿ, ಸಿದ್ದಾಪುರ ಕಡೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ಪಹಣಿಯಲ್ಲಿ ಕಂಡ ಮಾತ್ರಕ್ಕೆ ಮನೆ ಕಟ್ಟುವ ಜಾಗವಾಗುವುದಿಲ್ಲ. ಅದು ಸೊಪ್ಪು-ದರಕಿನ ಸವಲತ್ತು, ನೆಲ ಅರಣ್ಯದ್ದು. ಭೂಪರಿವರ್ತನೆ ಅಲ್ಲಿ ನಡೆಯುವುದಿಲ್ಲ.

ಇನ್ನು ಕರಾವಳಿಗೇ ಮೀಸಲಾದ ಗಂಟು, ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಸಮುದ್ರ ಕಾಣುವ ಮನೆಗಷ್ಟೇ ಇದು ಅನ್ವಯ ಎಂಬ ತಿಳಿವಳಿಕೆ ತಪ್ಪು. 2019ರ ಅಧಿಸೂಚನೆಯ ಪ್ರಕಾರ ಸಮುದ್ರದ ಭರತ ರೇಖೆಯಿಂದ 500 ಮೀಟರ್, ಉಪ್ಪುನೀರು ಏರಿ ಬರುವ ನದಿ-ಕೋಡಿಗಳ ದಂಡೆಯಲ್ಲಿ 50 ಮೀಟರ್ ಅಥವಾ ಆ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಉಪ್ಪು ಎಲ್ಲಿಯವರೆಗೆ ಎಂಬುದನ್ನು ಬಿರುಬೇಸಿಗೆಯಲ್ಲಿ ಸಾವಿರ ಭಾಗ ನೀರಿಗೆ 5 ಭಾಗ ಉಪ್ಪು ಎಂಬ ಲೆಕ್ಕದಲ್ಲಿ ಗುರುತಿಸುತ್ತಾರೆ. ಹಾಗಾಗಿ ಕಾಳಿ ದಂಡೆಯ ಕಡವಾಡ, ಹಳಗಾ, ಅಘನಾಶಿನಿ ದಂಡೆಯ ಮಿರ್ಜಾನ, ಮಾಣಿಕಟ್ಟಾದವರೂ ತಮ್ಮ ಸರ್ವೆ ನಂಬರ್ ಸಿಆರ್‌ಝಡ್ ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿ ನೋಡಬೇಕು. ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತುಂಬಿಸಿ ಮನೆ ಕಟ್ಟುವ ಯೋಚನೆ ಇದ್ದರಂತೂ ಮಣ್ಣಿನ ಲಾರಿ ಕರೆಸುವ ಮೊದಲೇ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು 1000 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಅದರ ಅಂಚಿನಿಂದ 50 ಮೀಟರ್ ಬಿಡುವ ನಿಯಮವೂ ಇದೆ.

ನಗರದೊಳಗಿನ ಅಭಿವೃದ್ಧಿ ಹೊಂದಿದ ಭಾಗ ಸಿಆರ್‌ಝಡ್-2. ಅಲ್ಲಿ ಈಗಾಗಲೇ ಇರುವ ಅಧಿಕೃತ ರಸ್ತೆ ಅಥವಾ ಕಟ್ಟಡದ ಒಳನಾಡಿನ ಬದಿಗೆ ಕಟ್ಟಬಹುದು, ಸಮುದ್ರದ ಬದಿಗೆ ಆಗದು. ಹಳ್ಳಿಯ ಭಾಗ ಸಿಆರ್‌ಝಡ್-3. ಅದರಲ್ಲಿ 2011ರ ಜನಗಣತಿಯಂತೆ ಚದರ ಕಿಲೋಮೀಟರ್‌ಗೆ 2161ಕ್ಕಿಂತ ಹೆಚ್ಚು ಜನರಿರುವ ಊರಿಗೆ ನಿರ್ಬಂಧಿತ ಪಟ್ಟಿ (ಹೊಸ ಮನೆ ಕಟ್ಟಬಾರದ ದಂಡೆಯ ನೆಲ) 50 ಮೀಟರ್, ಉಳಿದ ಕಡೆ 200 ಮೀಟರ್. ಬಹಳ ಜನಕ್ಕೆ ಗೊತ್ತಿಲ್ಲದ ಅನುಕೂಲವೊಂದಿದೆ: ಸಿಆರ್‌ಝಡ್-2 ಮತ್ತು 3ರಲ್ಲಿ ಸ್ವಂತ ವಾಸದ ಮನೆ 300 ಚದರ ಮೀಟರ್ ಒಳಗಿದ್ದರೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಬೇಕಿಲ್ಲ, ಸ್ಥಳೀಯ ಸಂಸ್ಥೆಯೇ ಅಧಿಸೂಚನೆಗೆ ಒಪ್ಪುತ್ತದೆಯೇ ನೋಡಿ ಅನುಮತಿ ಕೊಡಬಹುದು. ಆದರೆ ಅರ್ಜಿಯಲ್ಲಿ "ಸ್ವಂತ ವಾಸಕ್ಕೆ" ಎಂದು ಬರೆದು, ಪ್ಲಾನ್‌ನಲ್ಲಿ ಪ್ರತಿ ಕೋಣೆಗೂ ಬೇರೆ ಬಚ್ಚಲು, ಬೇರೆ ಬಾಗಿಲು ತೋರಿಸಿದರೆ ಅದು ಹೋಮ್‌ಸ್ಟೇ ಎಂದು ಗುಮಾಸ್ತರಿಗೂ ತಿಳಿಯುತ್ತದೆ.

ನಿರ್ಬಂಧಿತ ಪಟ್ಟಿಯಲ್ಲಿ ಹಳೇ ಮನೆ ಇರುವವರು ಮಾಡುವ ತಪ್ಪಿಗೆ ಪರಿಹಾರ ಕಷ್ಟ. ಅಲ್ಲಿ ಅಧಿಕೃತ ಹಳೇ ಮನೆಯನ್ನು ಅದೇ ತಳವಿಸ್ತೀರ್ಣ, ಜಾಗಕ್ಕೆ ಹೋಲಿಸಿದ ಒಟ್ಟು ಮಹಡಿ ವಿಸ್ತೀರ್ಣದ ಅದೇ ಅನುಪಾತದಲ್ಲಿ (ಎಫ್‌ಎಸ್‌ಐ) ಮರುಕಟ್ಟಲು ಅವಕಾಶವಿದೆ. ಜನ ಮೊದಲು ಹಂಚು ಇಳಿಸಿ, ಗೋಡೆ ಕೆಡವಿ, ನೆಲ ಸಮ ಮಾಡಿ ಆಮೇಲೆ ಅರ್ಜಿ ಬರೆಯುತ್ತಾರೆ. ಸ್ಥಳ ಪರಿಶೀಲನೆಗೆ ಬಂದವರಿಗೆ ಕಾಣುವುದು ಖಾಲಿ ಜಾಗ. ಖಾಲಿ ಜಾಗಕ್ಕೆ ಹೊಸ ಮನೆ ಅಲ್ಲಿ ಸಿಗುವುದಿಲ್ಲ. ಕೆಡವುವ ಮುನ್ನ ನಾಲ್ಕೂ ಬದಿಯ ಫೋಟೊ, ತಳದ ಅಳತೆಯ ನಕ್ಷೆ, ಮನೆ ನಂಬರಿನ ಹಳೇ ತೆರಿಗೆ ರಶೀದಿ, ಹೆಸ್ಕಾಂ ಬಿಲ್ಲು, ತೆರಿಗೆ ರಿಜಿಸ್ಟರಿನ ದೃಢೀಕೃತ ನಕಲು ತೆಗೆದಿಡಿ. ಮೊದಲ ಸಿಆರ್‌ಝಡ್ ಅಧಿಸೂಚನೆಯ ದಿನ 19 ಫೆಬ್ರುವರಿ 1991. ಅದಕ್ಕಿಂತ ಹಿಂದಿನ ದಾಖಲೆ ಸಿಕ್ಕಿದರೆ ನಿಮ್ಮ ಕಡತಕ್ಕೆ ಗಟ್ಟಿ ಆಧಾರ. ಪ್ಲಾನ್‌ನಲ್ಲಿ ಕೆಡವುವ ಭಾಗವನ್ನು ಹಳದಿ ಗೆರೆಯಲ್ಲಿ, ಹೊಸದನ್ನು ಕೆಂಪಿನಲ್ಲಿ ತೋರಿಸಬೇಕು. ಎರಡನ್ನೂ ಕಪ್ಪಿನಲ್ಲೇ ಎಳೆದ ಪ್ಲಾನ್ ಓದಲು ಬರುವುದಿಲ್ಲ.

ಹೆದ್ದಾರಿ 66ರ ಪಕ್ಕದಲ್ಲಿದ್ದರೆ ಹೆದ್ದಾರಿಯವರ ನಿರಾಕ್ಷೇಪಣೆ ಬೇಕು. ಅಂತರ ಲೆಕ್ಕ ಹಾಕುವಾಗ ಹಳೇ ರಸ್ತೆಯ ನಡುಗೆರೆ ಹಿಡಿಯಬೇಡಿ, ಚತುಷ್ಪಥವಾದ ಮೇಲೆ ಅದು ಎಷ್ಟೋ ಕಡೆ ಸರಿದಿದೆ. ಕೊಂಕಣ ರೈಲ್ವೆಯ ಗಡಿಯಿಂದ 30 ಮೀಟರ್ ಒಳಗಿದ್ದರೆ ರೈಲ್ವೆಯದ್ದು, ನೌಕಾನೆಲೆಯ ಬೇಲಿಗೆ ಹತ್ತಿರವಿದ್ದರೆ ರಕ್ಷಣಾ ಇಲಾಖೆಯದ್ದು.

ಇಷ್ಟೆಲ್ಲ ಆದ ಮೇಲೆ ಪ್ಲಾನ್. ಹುಬ್ಬಳ್ಳಿ ಕಡೆಯ ಪ್ಲಾನ್ ತಂದು ಹೆಸರು ಬದಲಿಸಿ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದು ನಮ್ಮ ಮಳೆಗೂ ಉಪ್ಪುಗಾಳಿಗೂ ಒಗ್ಗುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಸೆಕೆಯ ಪ್ರದೇಶದಲ್ಲಿ ಕಿಟಕಿ ನೆಲದ ಹತ್ತನೇ ಒಂದು ಭಾಗ ಸಾಕು. ನಮ್ಮಂಥ ತೇವದ ಸೆಕೆಗೆ ಆರನೇ ಒಂದು ಭಾಗ ಬೇಕು, ಬಾಗಿಲನ್ನು ಲೆಕ್ಕಕ್ಕೆ ಹಿಡಿಯದೆ. ಅಂದರೆ ಹತ್ತು-ಹನ್ನೆರಡು ಅಡಿಯ ಕೋಣೆಗೆ 20 ಚದರ ಅಡಿ. ನಾಲ್ಕು-ನಾಲ್ಕು ಅಡಿಯ ಒಂದು ಕಿಟಕಿ ಅಲ್ಲಿ ಸಾಲದು. ವಾಸದ ಕೋಣೆ 9.5 ಚದರ ಮೀಟರ್‌ಗಿಂತ ಸಣ್ಣದಿರಬಾರದು, ಅಗಲ 2.4 ಮೀಟರ್‌ಗಿಂತ ಕಡಿಮೆ ಇರಬಾರದು. ಮಾಡಿನ ಸೂರಿನದೂ ಇಂಥದೇ ತಕರಾರು. ಗೋಡೆ ನೆನೆಯದಿರಲೆಂದು ನಾವು ಮೂರು-ನಾಲ್ಕು ಅಡಿ ಸೂರು ಬಿಡುತ್ತೇವೆ, ಬಿಡಲೇಬೇಕು. ಆದರೆ ಮನೆ ಸುತ್ತ ಖಾಲಿ ಬಿಡಬೇಕಾದ ಬಿಡುಜಾಗದ ಮೇಲೆ ಸಂಹಿತೆ ಒಪ್ಪುವ ಸೂರು 75 ಸೆಂಟಿಮೀಟರ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಗೋಡೆಯನ್ನೇ ಒಳಗೆ ಸರಿಸಿ ಬರೆಸಿ. ಪಾಸಾದ ಮೇಲೆ ತಗಡು ಹೊಡೆದು ಸೂರು ಚಾಚಿದರೆ ಪಕ್ಕದವರ ಪಾಗಾರದೊಳಗೆ ನೀರು ಬಿದ್ದು ದೂರು ಬರುವುದು ಅಲ್ಲಿಂದಲೇ.

ಒಳಚರಂಡಿ ಇಲ್ಲದ ಕಡೆ ಬಾವಿ ಮತ್ತು ಇಂಗುಗುಂಡಿಯ ಅಂತರವೇ ಪ್ಲಾನ್‌ನ ಮುಖ್ಯ ವಿಷಯ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ 18 ಮೀಟರ್ ದೂರವಿರಬೇಕು, ಮನೆಯಿಂದ 6 ಮೀಟರ್. ಐದು ಗುಂಟೆಯ ಚೌಕ ಜಾಗದ ಒಂದು ಬದಿ ಸುಮಾರು 22.5 ಮೀಟರ್. ಬಾವಿ ಒಂದು ಮೂಲೆಗಿದ್ದರೆ ಗುಂಡಿ ಎದುರು ಮೂಲೆಗೆ, ಬೇರೆ ದಾರಿ ಕಡಿಮೆ. ಪ್ಲಾನ್‌ಗಳಲ್ಲಿ ತಪ್ಪುವುದು ಪಕ್ಕದ ಮನೆಯ ಬಾವಿ. ಅದನ್ನು ಯಾರೂ ಗುರುತಿಸುವುದಿಲ್ಲ. ಸುತ್ತಲ ಎಲ್ಲ ಬಾವಿಗಳನ್ನೂ ನಿವೇಶನ ನಕ್ಷೆಯಲ್ಲಿ ಹಾಕಿ, ಇಳಿಜಾರಿನ ಬಾಣದ ಗುರುತು ಹಾಕಿ, ಗುಂಡಿ ಬಾವಿಗಿಂತ ಕೆಳಗಿರಲಿ. ಐದು ಜನರ ಮನೆಗೆ ಸೆಪ್ಟಿಕ್ ಟ್ಯಾಂಕ್ 1.5 ಮೀಟರ್ ಉದ್ದ, 0.75 ಅಗಲ, ನೀರಿನ ಆಳ 1 ಮೀಟರ್. ಉಸುಕು ನೆಲದಲ್ಲಿ ಏಪ್ರಿಲ್‌ನಲ್ಲಿ ಗುಂಡಿ ತೋಡಿ ನೀರಿಲ್ಲವೆಂದು ಸಮಾಧಾನಪಡಬೇಡಿ. ಆಗಸ್ಟ್‌ನಲ್ಲಿ ಬಾವಿಯ ನೀರು ಎಷ್ಟು ಕೆಳಗಿರುತ್ತದೆ ನೋಡಿ, ನೆಲಮಟ್ಟದಿಂದ 1.8 ಮೀಟರ್ ಒಳಗೇ ಸಿಕ್ಕಿದರೆ ಗುಂಡಿ ಇಂಗಿಸುವುದಿಲ್ಲ, ಮಣ್ಣೇರಿಸಿದ ದಿಬ್ಬದಲ್ಲಿ ಇಂಗುಕಾಲುವೆ ಮಾಡಬೇಕಾಗುತ್ತದೆ. ಅದಕ್ಕೆ ಜಾಗ ಮೊದಲೇ ಬಿಡಿ.

ಗುಡ್ಡದ ಬುಡದ ಜಾಗವನ್ನು ಸಪಾಟು ನೆಲದಂತೆ ಬರೆದ ಪ್ಲಾನ್ ಅಪಾಯಕಾರಿ. ಚಿರೆಕಲ್ಲಿನ ಕೆಳಗಿನ ಶೇಡಿ (ಬಿಳಿ ಜೇಡಿ) ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. 2009ರಲ್ಲಿ ಕಡವಾಡದಲ್ಲಿ, 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಜಿಲ್ಲೆ ಮರೆತಿಲ್ಲ. ಗುಡ್ಡದ ಮೇಲಂಚಿನಿಂದ ರಸ್ತೆಯವರೆಗಿನ ಒಂದು ಅಡ್ಡಸೀಳು ನಕ್ಷೆ, ಎಷ್ಟು ಕಡಿಯುತ್ತೀರಿ, ತಡೆಗೋಡೆ ಎಲ್ಲಿ, ಅದರಿಂದ ನೀರು ಹೊರಹೋಗುವ ರಂಧ್ರ ಎಲ್ಲಿ ಎಂಬುದನ್ನು ಕಚೇರಿ ಕೇಳದಿದ್ದರೂ ಕೊಡಿ.

ಕಾಂಕ್ರೀಟಿನ ವಿವರದಲ್ಲಿ ಎಂ-20 (ಕಾಂಕ್ರೀಟಿನ ಬಲದ ದರ್ಜೆ), 20 ಮಿಲಿಮೀಟರ್ ಕವರ್ (ಕಬ್ಬಿಣದ ಮೇಲಿನ ಕಾಂಕ್ರೀಟಿನ ದಪ್ಪ) ಎಂದು ಇದ್ದರೆ ತಿದ್ದಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಭಾಗಕ್ಕೆ ಎಂ-30 ಮತ್ತು 45 ಮಿಲಿಮೀಟರ್, ಉಪ್ಪುಗಾಳಿಯಿಂದ ಮರೆಯಾದ ಭಾಗಕ್ಕೂ ಎಂ-25 ಮತ್ತು 30. ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬ್ ಉದುರುವ ಮನೆಗಳಲ್ಲಿ ಸಿಮೆಂಟಿನ ಬ್ರ್ಯಾಂಡನ್ನು ಬೈಯುತ್ತಾರೆ. ಎಷ್ಟೋ ಸಲ ಕೊರತೆ ಇರುವುದು ಈ ಒಂದು ಇಂಚಿನಲ್ಲಿ.

ಶುಲ್ಕದಲ್ಲಿ ಪರವಾನಿಗೆ ಶುಲ್ಕದ ಜೊತೆಗೆ ಕಟ್ಟುವ ವೆಚ್ಚದ ಶೇ 1 ಕಾರ್ಮಿಕ ಸೆಸ್ ಇದೆ. ಸ್ವಂತ ವಾಸದ, ₹50 ಲಕ್ಷ ಮೀರದ ಮನೆಗೆ ಅದು ಇಲ್ಲ. ಅಂದಾಜು ಪಟ್ಟಿ ಲಗತ್ತಿಸದಿದ್ದರೆ ಕಚೇರಿ ತನ್ನ ದರದಲ್ಲಿ ಲೆಕ್ಕ ಹಾಕುತ್ತದೆ.

ಈಗ ಸ್ಥಳೀಯ ಸಂಸ್ಥೆಗಳಿಗೆ. ಆಕ್ಷೇಪಣೆಗಳನ್ನು ಕಂತು-ಕಂತಾಗಿ ಕೊಡುವ ಪದ್ಧತಿ ನಿಲ್ಲಬೇಕು. ಮೊದಲು ಋಣಭಾರ ಪತ್ರ, ಅದನ್ನು ತಂದ ಮೇಲೆ ರಸ್ತೆಯ ಅಗಲ, ಅದಾದ ಮೇಲೆ ಸಿಆರ್‌ಝಡ್ ಎಂದರೆ ಒಂದು ಹಂಗಾಮೇ ಹೋಗುತ್ತದೆ. ಎಲ್ಲ ಕೊರತೆ ಒಂದೇ ಹಿಂಬರಹದಲ್ಲಿ, ಲಿಖಿತವಾಗಿ ಬರಲಿ. ಕರಾವಳಿ ವಲಯ ನಿರ್ವಹಣಾ ನಕ್ಷೆಯನ್ನು ಸರ್ವೆ ನಂಬರಿನ ಪಟ್ಟಿಯೊಂದಿಗೆ ಪ್ರತಿ ಪಂಚಾಯಿತಿಯ ಫಲಕದಲ್ಲಿ ಹಚ್ಚಿದರೆ, ಜನ ಅದೊಂದು ಪ್ರಶ್ನೆಗಾಗಿ ಕಾರವಾರದ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಭಟ್ಕಳದಿಂದ ಬರುವುದು ತಪ್ಪುತ್ತದೆ. ಅರ್ಜಿದಾರರೂ ಅರ್ಜಿ ಕೊಟ್ಟ ದಿನವೇ 'ಸಕಾಲ'ದ (ಸರ್ಕಾರಿ ಸೇವೆ ಗೊತ್ತಾದ ಅವಧಿಯೊಳಗೆ ಕೊಡಿಸುವ ಯೋಜನೆಯ) ಸಂಖ್ಯೆ ಕೇಳಿ ಪಡೆಯಬೇಕು. ಆ ಸಂಖ್ಯೆ ಇಲ್ಲದೆ ವಿಳಂಬದ ಮೇಲ್ಮನವಿಗೆ ಆಧಾರವಿಲ್ಲ.

ಪರವಾನಿಗೆ ಸಿಕ್ಕ ಮೇಲೆ ಕಟ್ಟುವಾಗ ಕೋಣೆಯೊಂದು ಹೊರಚಾಚಿದರೆ ಪರಿಷ್ಕೃತ ಪ್ಲಾನ್ ಆಗಲೇ ಸಲ್ಲಿಸಿ. ಪೂರ್ಣಗೊಂಡ ಮತ್ತು ವಾಸಯೋಗ್ಯ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಪಾಯ ಹಾಕಿದ ಕೂಡಲೇ, ಗೋಡೆ ಏಳುವ ಮೊದಲು, ನಾಲ್ಕೂ ಬದಿಯ ಬಿಡುಜಾಗವನ್ನು ಎಂಜಿನಿಯರ್‌ರಿಂದ ಅಳೆಸಿ ಬರೆಸಿಟ್ಟುಕೊಳ್ಳಿ. ಆ ಹಂತದಲ್ಲಿ ಅರ್ಧ ಅಡಿ ಸರಿಸುವುದಕ್ಕೆ ಒಂದು ದಿನದ ಕೂಲಿ ಸಾಕು.

— ಒಬ್ಬ ಸಿವಿಲ್ ಎಂಜಿನಿಯರ್, ಕಾರವಾರ